ಆರೋಗ್ಯವಂತರ ರಕ್ತದಲ್ಲಿ ಅಡಗಿರುವ ಅಕ್ಷರದೋಷ

ಕುಡುಗೋಲು ತಗುಲಿ ಬೆರಳು ಕೊಯ್ದಾಗ, ಹರಿಯುವ ರಕ್ತವು ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಹೆಪ್ಪುಗಟ್ಟುವ ಈ ಗುಣವಿಲ್ಲದಿದ್ದರೆ ಸಣ್ಣ ಗಾಯವೂ ಪ್ರಾಣಕ್ಕೆ ಎರವಾದೀತು. ಆದರೆ ಗಾಯವೇ ಇಲ್ಲದೆ ರಕ್ತನಾಳದೊಳಗೆ ಹೆಪ್ಪು ಕಟ್ಟಿದರೆ ಅದೂ ಅಪಾಯವೇ. ಆದುದರಿಂದ ಪ್ರಕೃತಿಯು ಹೆಪ್ಪನ್ನು ಕಟ್ಟುವ ಏರ್ಪಾಡಿನೊಡನೆ ಅದನ್ನು ತಡೆಯುವ ಏರ್ಪಾಡನ್ನೂ ಇರಿಸಿದೆ.

ರಕ್ತದಲ್ಲಿರುವ ‘ಐದನೆಯ ಅಂಶ’ವೆಂಬ ಪ್ರೋಟೀನು ಹೆಪ್ಪುಗಟ್ಟುವಿಕೆಯನ್ನು ತ್ವರೆಗೊಳಿಸುತ್ತದೆ. ‘ಪ್ರೋಟೀನ್ ಸಿ’ ಎಂಬ ಇನ್ನೊಂದು ವಸ್ತುವು ಕತ್ತರಿಯಂತೆ ಅದನ್ನು ತುಂಡರಿಸಿ ನಿಷ್ಕ್ರಿಯಗೊಳಿಸುತ್ತದೆ. ಕೆಲವು ಮನೆತನಗಳಲ್ಲಿ ಈ ಕತ್ತರಿ ನಾಟುವುದಿಲ್ಲವೆಂಬುದನ್ನು 1993ರಲ್ಲಿ ಸ್ವೀಡನ್ನಿನ ಡಾಲ್‌ಬೆಕ್ ಮತ್ತು ಅವರ ಸಂಗಡಿಗರು ತೋರಿಸಿದರು. ಮರುವರ್ಷವೇ ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿ ಬರ್ಟಿನಾ ಮತ್ತು ಅವರ ಸಹೋದ್ಯೋಗಿಗಳು ಅದರ ಕಾರಣವನ್ನು ಕಂಡುಹಿಡಿದರು. ಜೀನಿನ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ 506ನೆಯ ಸ್ಥಾನದಲ್ಲಿ ಆರ್ಜಿನೀನಿಗೆ ಬದಲಾಗಿ ಗ್ಲುಟಮೀನ್ ಬಂದಿರುತ್ತದೆ. ಕತ್ತರಿ ನಾಟಬೇಕಾದ ಸ್ಥಳವೇ ಅದು! ಈ ವ್ಯತ್ಯಾಸಕ್ಕೆ ಊರಿನ ಹೆಸರಿನಿಂದಲೇ ‘ಲೈಡನ್’ ಎಂಬ ಹೆಸರು ಬಂದಿತು.

ಇದು ಎಷ್ಟು ಜನರಲ್ಲಿದೆ? ರೋಗಿಗಳನ್ನು ಮಾತ್ರ ಎಣಿಸಿದರೆ ಉತ್ತರ ದೊರೆಯದು; ಆರೋಗ್ಯವಂತರನ್ನೂ ಎಣಿಸಬೇಕು. ಹಾಗೆ ಎಣಿಸಿದಾಗ ಯೂರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು ಐವರಲ್ಲಿ ಇದು ಕಂಡುಬಂದಿತು. ಭಾರತದಲ್ಲಿ ಅದಕ್ಕಿಂತ ಕಡಮೆ, ನೂರಕ್ಕೆ ಒಬ್ಬಿಬ್ಬರ ಆಸುಪಾಸು. ಆಫ್ರಿಕದ ಮತ್ತು ಪೂರ್ವ ಏಷ್ಯದ ಮೂಲನಿವಾಸಿಗಳಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಇಪ್ಪತ್ತು ಸಾವಿರ ವರ್ಷಗಳಿಗೂ ಹಿಂದೆ ಒಬ್ಬನೇ ಪೂರ್ವಜನಲ್ಲಿ ಹುಟ್ಟಿ, ವಲಸೆ ಹೋದವರೊಡನೆ ಇದು ಹರಡಿತೆಂದು ವಿಜ್ಞಾನಿಗಳು ತರ್ಕಿಸುತ್ತಾರೆ. ಸವಣೂರಿನ ದೊಡ್ಡಹುಣಸೆ ಮರಗಳ ತಾಯ್ನೆಲ ಆಫ್ರಿಕವಲ್ಲವೆ? ಮರದ ಬೀಜದಂತೆಯೇ ಜೀನೂ ಮನುಷ್ಯನೊಡನೆ ದೂರ ಸಾಗುತ್ತದೆ.

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ 250 ಜನರಂತೆ, ಪರಸ್ಪರ ನೆಂಟರಲ್ಲದ ಸಾವಿರ ಮಂದಿ ಆರೋಗ್ಯವಂತರನ್ನು ಆರಿಸಿದೆವೆಂದು ಊಹಿಸೋಣ. ನೂರಕ್ಕೊಬ್ಬರೆಂದು ಹಿಡಿದರೆ ಅವರಲ್ಲಿ ಸುಮಾರು 10 ಮಂದಿ ಈ ಜೀನನ್ನು ಹೊತ್ತಿರುವರು. ಅವರು ರೋಗಿಗಳೆ? ಖಂಡಿತ ಅಲ್ಲ. ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ತೊಂದರೆ ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಸಾವಿರದಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ತಾಯಿತಂದೆಯರಲ್ಲಿ ಒಬ್ಬರಿಂದ ಮಾತ್ರ ಈ ಜೀನನ್ನು ಪಡೆದವರಲ್ಲಿ ಅದು ಮೂರರಿಂದ ಏಳು ಪಟ್ಟು ಹೆಚ್ಚು. ‘ಏಳು ಪಟ್ಟು’ ಎಂಬ ಮಾತು ಭಯ ಹುಟ್ಟಿಸುತ್ತದೆ. ಆದರೂ ಅಂಥ ಸಾವಿರ ಜನರಲ್ಲಿ 990ಕ್ಕೂ ಹೆಚ್ಚು ಮಂದಿಗೆ ಆ ವರ್ಷ ಏನೂ ಆಗದು.

ಇಬ್ಬರಿಂದಲೂ ಪಡೆದ ಮಗುವಿನ ಸ್ಥಿತಿ ಬೇರೆ. ಅಲ್ಲಿ ಅಪಾಯವು ಹತ್ತು ಪಟ್ಟನ್ನೂ ಮೀರಬಹುದು. ಜೀನನ್ನು ಹೊತ್ತ ಯುವಕನು ನೆಂಟಸ್ತನವಿಲ್ಲದ ಹುಡುಗಿಯನ್ನು ವರಿಸಿದರೆ ಅಂಥ ಮಗು ಹುಟ್ಟುವ ಸಂಭವ 400ರಲ್ಲಿ ಒಂದು. ನಮ್ಮ ನಾಡಿನಲ್ಲಿ ರೂಢಿಯಲ್ಲಿರುವಂತೆ ಅಕ್ಕನ ಮಗಳನ್ನೇ ವರಿಸಿದರೆ? ಅಕ್ಕನಲ್ಲಿ ಆ ಜೀನು ಇರುವ ಸಂಭವ ಎರಡರಲ್ಲಿ ಒಂದು, ಅವಳ ಮಗಳಲ್ಲಿ ನಾಲ್ಕರಲ್ಲಿ ಒಂದು, ಹುಟ್ಟುವ ಮಗುವಿಗೆ ಇಬ್ಬರಿಂದಲೂ ಬರುವ ಸಂಭವ 16ರಲ್ಲಿ ಒಂದು. ಜೀನು ಅದೇ, ಸಂಭವ ಮಾತ್ರ ಇಪ್ಪತ್ತೈದು ಪಟ್ಟು!

ಹಾಗೆಂದು ಎಲ್ಲರೂ ರಕ್ತಪರೀಕ್ಷೆಗೆ ಓಡಬೇಕಾಗಿಲ್ಲ. ಮನೆತನದಲ್ಲಿ ಯಾರಿಗಾದರೂ ಎಳೆಯ ವಯಸ್ಸಿನಲ್ಲಿಯೇ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಶಸ್ತ್ರಚಿಕಿತ್ಸೆಗೆ ಮುಂಚೆ, ಗರ್ಭ ನಿಂತಾಗ, ಗರ್ಭನಿರೋಧಕ ಗುಳಿಗೆಗಳನ್ನು ತೆಗೆದುಕೊಳ್ಳುವ ಮುನ್ನ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಹಿರಿಯರನ್ನು ಕೇಳಿ ಮನೆತನದ ಇತಿಹಾಸವನ್ನು ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಇಂದೇ ಕೈಗೊಳ್ಳಬಹುದು.