ಮತದ ಗುಟ್ಟು

ರಾಯಬಾಗ ತಾಲೂಕಿನ ಹಾರೂಗೇರಿಯಲ್ಲಿ ಹಿಂದೊಮ್ಮೆ ನಾನು ಮತಗಟ್ಟೆಯ ಅಧಿಕಾರಿಯಾಗಿದ್ದೆ. ಕಣ್ಣು ಪೂರ್ತಿ ಮಂಜಾದ ಮುದುಕಿಯೊಬ್ಬಳು ಬಂದಳು. ಅವಳು ಯಾರ ಕಬ್ಬಿನ ಹೊಲದಲ್ಲಿ ದುಡಿದಿದ್ದಳೋ ಆ ಸಾವುಕಾರರೇ ಕೈಹಿಡಿದು ಕರೆತಂದಿದ್ದರು.

"ಮಾಸ್ತರ್ರ, ಮುದುಕಿಗೆ ಕಣ್ಣ ಕಾಣಂಗಿಲ್ಲ. ಅಕೀ ಓಟ ನಾನ ಒತ್ತತೇನಿ" ಎಂದರು.

ನಾನು ಅವಳನ್ನೇ ಕೇಳಿದೆ. ಕ್ಷಣಕಾಲ ಸುಮ್ಮನಿದ್ದು, "ನನ್ನ ಮೊಮ್ಮಗಳು ಹೊರಗ ನಿಂತಾಳ್ರೀ, ಅಕೀನ ಕರೀರಿ" ಎಂದಳು.

ನಿಯಮವು ಅವಳ ಪರವಾಗಿತ್ತು. ದೃಷ್ಟಿಯಿಲ್ಲದವರು 18 ವರ್ಷ ತುಂಬಿದ ಜೊತೆಗಾರರೊಬ್ಬರನ್ನು ಕರೆದೊಯ್ಯಬಹುದು. ಆ ಜೊತೆಗಾರರು ಮತದ ಗುಟ್ಟನ್ನು ಕಾಪಾಡುವುದಾಗಿಯೂ, ಆ ದಿನ ಬೇರಾರಿಗೂ ಜೊತೆಗಾರರಾಗಿಲ್ಲವೆಂದೂ ಬರೆದುಕೊಡಬೇಕು. ಮೊಮ್ಮಗಳು ಸಹಿ ಹಾಕಿದಳು. ಸಾವುಕಾರರು ಬಾಗಿಲಾಚೆ ನಿಂತರು.

ಆ ಮರೆಯ ಹಿಂದೆ ಹಳೆಯ ಕಥೆಯೊಂದಿದೆ. ಒಂದು ಕಾಲಕ್ಕೆ ಇಂಗ್ಲೆಂಡಿನ ಗೇಣಿದಾರನು ತನ್ನ ಮತವನ್ನು ಜಮೀನುದಾರನ ಕಿವಿಗೆ ಬೀಳುವಂತೆ ಹೇಳಬೇಕಾಗಿತ್ತು. 1856ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯವು ಗುಪ್ತ ಮತದಾನವನ್ನು ತಂದಿತು. 1872ರಲ್ಲಿ ಇಂಗ್ಲೆಂಡು ಅನುಸರಿಸಿತು. ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 128ನೆಯ ಕಲಮು ಗುಟ್ಟು ಬಿಟ್ಟುಕೊಡುವ ಅಧಿಕಾರಿಗೂ ಏಜೆಂಟನಿಗೂ 3 ತಿಂಗಳವರೆಗೆ ಸೆರೆವಾಸ, ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. 94ನೆಯ ಕಲಮಿನ ಪ್ರಕಾರ, ಯಾರಿಗೆ ಮತ ಹಾಕಿದೆಯೆಂದು ಹೇಳುವಂತೆ ಸಾಮಾನ್ಯ ಮತದಾರನನ್ನು ನ್ಯಾಯಾಲಯವೂ ಒತ್ತಾಯಿಸಲಾರದು.

ಸಂಜೆ ಪೆಟ್ಟಿಗೆಗೆ ಮೊಹರು ಹಾಕಿ ಹೊರಡುವಾಗ ಸಾವುಕಾರರು ಮತ್ತೆ ಬಂದರು. "ಈ ಓಣಿ ಯಾರ ಕಡೆ ಆತ್ರೀ?"

"ನನಗೂ ಗೊತ್ತಿಲ್ರೀ" ಎಂದೆ.

"ಇರಲಿ, ಎಣಿಕೀ ದಿನಾ ಗೊತ್ತಾಗತೈತಿ" ಎಂದು ನಕ್ಕರು.

ಅವರ ಮಾತು ಸುಳ್ಳಲ್ಲ. ಒಬ್ಬೊಬ್ಬರ ಮತವು ಗುಟ್ಟಾಗಿದ್ದರೂ ಮತಗಟ್ಟೆಯ ಲೆಕ್ಕ ಬಯಲಾಗುತ್ತದೆ. ಕಾಗದದ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳವನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದಮೇಲೆ ಒಂದೊಂದು ಯಂತ್ರದ ಲೆಕ್ಕವೂ ಬೇರೆಬೇರೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಮೊತ್ತವನ್ನಷ್ಟೇ ತೋರಿಸುವ ಉಪಕರಣವನ್ನು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಅದಿನ್ನೂ ಬಳಕೆಗೆ ಬಂದಿಲ್ಲ.

ಗೆದ್ದವನು ತನಗೆ ಮತ ಕೊಡದ ಓಣಿಯನ್ನು ಅಂಕಿಗಳಲ್ಲೇ ಗುರುತಿಸಬಲ್ಲನು. ಬಳಿಕ ಆ ಓಣಿಗೆ ನಲ್ಲಿ ತಡವಾದರೆ, ಕೂಲಿ ತಪ್ಪಿದರೆ, ಕಾರಣವನ್ನು ಯಾವ ಕಾಗದದಲ್ಲಿಯೂ ಬರೆದಿರುವುದಿಲ್ಲ.

ಅಜ್ಜಿ ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಮೊಮ್ಮಗಳ ಭುಜ ಹಿಡಿದು ಮನೆಗೆ ನಡೆದಿದ್ದಳು. ಅವಳ ಗುಟ್ಟನ್ನು ಮೊಮ್ಮಗಳು ಕಾಯ್ದಾಳು. ಓಣಿಯ ಗುಟ್ಟನ್ನು ಕಾಯುವವರು ಯಾರು?