ಗಡುವಿನ ಕಡತ

ನೆಲಮಂಗಲದಲ್ಲಾಗಲಿ ಹೊಸಕೋಟೆಯಲ್ಲಾಗಲಿ, ಒಂದು ದಿನದ ದುಡಿಮೆಯನ್ನು ತೊರೆದು ನಾಡಕಚೇರಿಗೆ ಬಂದ ರೈತನು ಅರ್ಜಿಯನ್ನು ಸಲ್ಲಿಸುವಾಗ, ಅದರೊಡನೆ ತನ್ನ ಆಯುಷ್ಯದ ಅಂಶವೊಂದನ್ನೂ ಗುಮಾಸ್ತನ ಕೈಗೊಪ್ಪಿಸುತ್ತಾನೆ.

ಈ ಸತ್ಯಕ್ಕೆ ಶಾಸನರೂಪವನ್ನಿತ್ತುದು, ‘ಸಕಾಲ’ವೆಂದು ಜನಜನಿತವಾಗಿರುವ 2011ರ ಅಧಿನಿಯಮ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೊಂಡ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ 15 ಅಂಕೆಗಳ ಸಂಖ್ಯೆಯೊಂದು ದೊರೆಯುವುದು; ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಅರ್ಜಿದಾರನು ಪರಿಹಾರವನ್ನು ಕೇಳಬಹುದು. ಮೊತ್ತವು ಅಲ್ಪವೇ ಸರಿ. ಆದರೆ ಕಾಯುವವನ ಕಾಲಕ್ಕೂ ಬೆಲೆಯುಂಟೆಂದು ಸರ್ಕಾರವೇ ಒಪ್ಪಿಕೊಂಡುದು, ನನ್ನ ದೃಷ್ಟಿಯಲ್ಲಿ, ಸಾಮಾನ್ಯವಾದ ಸಂಗತಿಯಲ್ಲ.

ಕಚೇರಿಯಲ್ಲಿ ದುಡಿಯುವ ಮಿತ್ರರೇ, ದೇವನಹಳ್ಳಿಯ ಸರ್ಕಾರಿ ಮೇಜಾಗಲಿ ದೊಡ್ಡಬಳ್ಳಾಪುರದ ಕಾರ್ಖಾನೆಯ ಲೆಕ್ಕಪತ್ರಗಳ ಕೊಠಡಿಯಾಗಲಿ, ಕಡತಗಳು ರಾಶಿಗೊಂಡಿರುವಾಗ ಕೈಗೆ ಸಿಕ್ಕಿದುದನ್ನೋ ಸುಲಭವಾದುದನ್ನೋ ಎತ್ತಿಕೊಳ್ಳದೆ, ಗಡುವು ಸಮೀಪಿಸಿದುದನ್ನೇ ಮೊದಲು ತೆರೆಯಿರಿ. ದಾಖಲೆಯೊಂದರ ಕೊರತೆಯಿದ್ದರೆ ಕೊನೆಯ ದಿನದವರೆಗೂ ಕಾಯದೆ, ಅರ್ಜಿಯನ್ನು ಸ್ವೀಕರಿಸಿದ ಗಳಿಗೆಯಲ್ಲೇ ತಿಳಿಸಿಬಿಡಿ. ಬೆಳಗಿನ ಮೊದಲ ಗಂಟೆಯನ್ನು, ದೂರವಾಣಿಯನ್ನು ಬದಿಗಿರಿಸಿ, ಅತಿ ಕ್ಲಿಷ್ಟವಾದ ಕಡತವೊಂದಕ್ಕೇ ಮೀಸಲಿಡಿ.

ಹಾಗಾದಲ್ಲಿ ಆ ರೈತನು ಮಧ್ಯಾಹ್ನದ ಬಸ್ಸಿಗೇ ಊರನ್ನು ಸೇರಿ, ಹೊತ್ತು ಮುಳುಗುವ ಮುನ್ನ ತನ್ನ ರಾಗಿಯ ಹೊಲದಲ್ಲಿ ನಿಂತಿರುವನು.