ಪಗ್ ಮರಿ ತರುವ ಮುನ್ನ...

‘ಅಮ್ಮಾ, ಪಗ್ ಮರಿ ಕೊಡ್ಸಮ್ಮಾ’ ಅಂತ ಮಕ್ಕಳು ದುಂಬಾಲು ಬಿದ್ದಿದ್ದಾರೆಯೇ? ಒಂದ್ನಿಮಿಷ ತಾಳಿ. 2003ರ ಮೊಬೈಲ್ ಜಾಹೀರಾತಿನಿಂದ ಮನೆಮಾತಾದ ಈ ನಾಯಿಯ ಚಪ್ಪಟೆ ಮೂತಿ, ತಲೆತಲಾಂತರದಿಂದ ಆಯ್ದಾಯ್ದು ಮರಿ ಮಾಡಿಸಿದ್ದರ ಫಲ. ಮೂತಿ ಮೋಟಾದರೂ ಒಳಗಿನ ಅಂಗುಳು ಉದ್ದ, ಉಸಿರಿನ ದಾರಿಗೇ ಅಡ್ಡ. ನಾವು ಮುದ್ದು ಅಂದುಕೊಳ್ಳುವ ಗೊರಕೆ ಅದರ ಪರದಾಟ! ನಾಯಿಗಳು ಮೈ ತಂಪಾಗಿಸಿಕೊಳ್ಳುವುದೇ ಏದುಸಿರು ಬಿಟ್ಟು. ಹಾಗಾಗಿ ಬಿರುಬೇಸಿಗೆ ಪಗ್‌ನ ಪ್ರಾಣಕ್ಕೇ ಕುತ್ತು.

ತರಲೇಬೇಕೆಂದರೆ ಮೊದಲು ತಾಯಿನಾಯಿಯನ್ನು ಕಣ್ಣಾರೆ ನೋಡಿ. ನಾಲ್ಕು ಹೆಜ್ಜೆ ಓಡಿದ್ದಕ್ಕೇ ಗೊರಗೊರ ಎಂದರೆ ಆ ಮರಿ ಬೇಡ. 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮರಿ ಮಾಡಿಸುವವರಿಗೆ ನೋಂದಣಿ ಕಡ್ಡಾಯ. ಸಂಕೋಚ ಬಿಟ್ಟು ಕೇಳಿ.

ಈಗಾಗಲೇ ಮನೆಯಲ್ಲಿದೆಯೇ? ತೂಕ ಏರದಂತೆ ನೋಡಿಕೊಳ್ಳಿ. ತಂಪು ಹೊತ್ತಿನಲ್ಲೇ ವಾಕಿಂಗ್ ಮಾಡಿಸಿ.